ದಶಕಗಳ ಕಾಲ ನುಡಿಸಲು ಅಗ್ಗದ ಹಳೆಯ ಅಕೌಸ್ಟಿಕ್ ಗಿಟಾರ್: ಯಾವುದನ್ನು ಆರಿಸಬೇಕು?

ಅಗ್ಗದ ಹಳೆಯ ಅಕೌಸ್ಟಿಕ್ ಗಿಟಾರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅದು ಯಾವ ಕಂಪನಿಯದು, ಯಾವ ಮರದಿಂದ ಮಾಡಿದ್ದು ಎಂಬುದನ್ನು. ಒಂದೇ ವಾದ್ಯವನ್ನು ಇಪ್ಪತ್ತು ಮೂವತ್ತು ವರ್ಷ ಇಟ್ಟುಕೊಂಡು ನುಡಿಸಬೇಕು ಎಂಬ ಮನಸ್ಸುಳ್ಳವರು ಮೊದಲು ವಿಚಾರಿಸಬೇಕಾದದ್ದು ಬೇರೆ. ಅದರ ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತು, ಈಗ ಯಾವ ಕೋನದಲ್ಲಿ ನಿಂತಿದೆ, ಮುಂದೆ ಆ ಕೋನ ತಪ್ಪಿದರೆ ಸರಿಪಡಿಸಲು ದಾರಿ ಇದೆಯೇ ಎಂಬುದೇ ಮುಖ್ಯ ಪ್ರಶ್ನೆ. ದುಬಾರಿ ಗಿಟಾರಿಗೆ ಎಂಥ ರಿಪೇರಿ ಬಂದರೂ ಹಣ ಹಾಕುವುದು ಲೆಕ್ಕಕ್ಕೆ ಸರಿಹೋಗುತ್ತದೆ, ಏಕೆಂದರೆ ರಿಪೇರಿಯಾದ ಮೇಲೆ ವಾದ್ಯದ ಬೆಲೆಯೇ ಆ ಖರ್ಚನ್ನು ತುಂಬಿಕೊಡುತ್ತದೆ. ಅಗ್ಗದ ಗಿಟಾರಿನ ಮಾತು ಹಾಗಲ್ಲ. ನೆಕ್ ಬಿಚ್ಚಿ, ಕೋನ ತಿದ್ದಿ, ಮತ್ತೆ ಕೂರಿಸುವ ಕೆಲಸದ ಮಜೂರಿ ಎಷ್ಟೋ ಸಲ ಗಿಟಾರಿನ ಬೆಲೆಯನ್ನೇ ಮೀರುತ್ತದೆ. ಆದ್ದರಿಂದಲೇ ಒಳ್ಳೆಯ ನಾದವುಳ್ಳ ಎಷ್ಟೋ ಹಳೆಯ ಗಿಟಾರುಗಳು ನುಡಿಸಲಾಗದೆ ಗೋಡೆಯ ಅಲಂಕಾರವಾಗಿ ಉಳಿದುಬಿಟ್ಟಿವೆ.

ಈ ಮಾರ್ಗದರ್ಶಿಯಲ್ಲಿ ಹೋಲಿಸಿರುವುದು ಮುಖ್ಯವಾಗಿ ನಾಲ್ಕು ಬಗೆಯ ಹಳೆಯ ಗಿಟಾರುಗಳನ್ನು: ಅಮೆರಿಕದ ಶಿಕಾಗೋದಲ್ಲಿ ಲಕ್ಷಗಟ್ಟಲೆ ತಯಾರಾದ ಹಾರ್ಮನಿ, ಕೇ ಮುಂತಾದವು, 1960 ಮತ್ತು 70ರ ದಶಕಗಳ ಜಪಾನಿ ಗಿಟಾರುಗಳು, ಬೋಲ್ಟ್ ಹಾಕಿ ನೆಕ್ ಕೂರಿಸಿದ ಯುರೋಪಿನ ಗಿಟಾರುಗಳು, ಮತ್ತು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರುಗಳು. ಇವುಗಳಲ್ಲಿ ಯಾವುದನ್ನು ನೋಡಲು ಹೋದರೂ ಮಾಡಲೇಬೇಕಾದ ಪರೀಕ್ಷೆಯೊಂದಿದೆ. ಅದನ್ನು ಮೊದಲು ವಿವರಿಸುತ್ತೇನೆ.

ನೆಕ್ ಪರೀಕ್ಷೆ

ಉಕ್ಕಿನ ತಂತಿಗಳ ಸಾಮಾನ್ಯ ಲೈಟ್ ಸೆಟ್ ಅನ್ನು ಶ್ರುತಿಗೆ ಏರಿಸಿದಾಗ ಗಿಟಾರಿನ ಮೇಲೆ ಬೀಳುವ ಒಟ್ಟು ಎಳೆತ 70 ಕೆ.ಜಿ.ಗೂ ಹೆಚ್ಚು. ಈ ಎಳೆತ ಹಗಲು ರಾತ್ರಿ ಎನ್ನದೆ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ. ಅದರ ಪರಿಣಾಮವಾಗಿ ಬ್ರಿಜ್‌ನ, ಅಂದರೆ ಗಿಟಾರಿನ ಮೈಮೇಲೆ ತಂತಿಗಳನ್ನು ಹೊರುವ ಮರದ ತುಂಡಿನ, ಹಿಂದಿನ ಹಲಗೆ ಮೆಲ್ಲಗೆ ಉಬ್ಬುತ್ತದೆ, ನೆಕ್‌ನ ಬುಡ ಸೇರುವ ಭಾಗ ಒಳಮುಖವಾಗಿ ತಿರುಗುತ್ತದೆ, ತಂತಿಗಳು ಫ್ರೆಟ್‌ಗಳಿಂದ, ಅಂದರೆ ನೆಕ್‌ನ ಮೇಲಿನ ಲೋಹದ ಅಡ್ಡಪಟ್ಟಿಗಳಿಂದ, ಮೇಲೆ ಮೇಲೆ ಹೋಗುತ್ತವೆ. ಹನ್ನೆರಡನೆಯ ಫ್ರೆಟ್‌ನ ಮೇಲೆ ದಪ್ಪ ತಂತಿಯ ಎತ್ತರ ಸುಮಾರು 2.5 ಮಿ.ಮೀ. ಇದ್ದರೆ ಬೆರಳಿಗೆ ಹಿತ, 4 ಮಿ.ಮೀ. ದಾಟಿದರೆ ಒಂದೇ ಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತುವ ಬ್ಯಾರೆ ಕಾರ್ಡ್ ಹಿಡಿಯುವುದು ಶಿಕ್ಷೆಯಾಗುತ್ತದೆ.

ಆದ್ದರಿಂದ ಗಿಟಾರ್ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಚಿಕ್ಕ ಸ್ಟೀಲ್ ಸ್ಕೇಲ್, ಕೈಯಲ್ಲಿ ಒಂದು ಉದ್ದನೆಯ ನೇರ ಪಟ್ಟಿ ಇರಲಿ. ತಂತಿಗಳನ್ನು ಸರಿಯಾದ ಶ್ರುತಿಗೆ ಏರಿಸಿ ಎಂದು ಮಾರುವವರನ್ನು ಕೇಳಿಕೊಳ್ಳಿ. ಸಡಿಲ ತಂತಿಯಿರುವ ಗಿಟಾರಿನ ಅಳತೆಯನ್ನು ನಂಬುವಂತಿಲ್ಲ. ಹನ್ನೆರಡನೆಯ ಫ್ರೆಟ್‌ನ ನೆತ್ತಿಯಿಂದ ದಪ್ಪ ತಂತಿಯ ತಳದವರೆಗೆ ಅಳೆಯಿರಿ. ನಂತರ ಬ್ರಿಜ್‌ನ ಮರದಿಂದ ಸ್ಯಾಡಲ್, ಅಂದರೆ ತಂತಿಗಳು ಕೂರುವ ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿ, ಎಷ್ಟು ಮೇಲೆ ಚಾಚಿದೆ ಎಂಬುದನ್ನು ಅಳೆಯಿರಿ. ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ, ಅಲ್ಲಿ ತಂತಿಯನ್ನು 1 ಮಿ.ಮೀ. ಇಳಿಸಬೇಕಾದರೆ ಸ್ಯಾಡಲ್ ಅನ್ನು 2 ಮಿ.ಮೀ. ತಗ್ಗಿಸಬೇಕು. ಉದಾಹರಣೆಗೆ, ತಂತಿಯ ಎತ್ತರ 4 ಮಿ.ಮೀ. ಇದ್ದು ಅದನ್ನು 2.5ಕ್ಕೆ ತರಬೇಕಿದ್ದರೆ ಸ್ಯಾಡಲ್‌ನಿಂದ 3 ಮಿ.ಮೀ. ತೆಗೆಯಬೇಕಾಗುತ್ತದೆ. ಹೊರಗೆ ಕಾಣುತ್ತಿರುವ ಸ್ಯಾಡಲ್ 2 ಮಿ.ಮೀ. ಮಾತ್ರ ಇದ್ದರೆ ಆ ಗಿಟಾರಿಗೆ ನೆಕ್ ರಿಪೇರಿ ಆಗಲೇಬೇಕು. ಮಾರುವವರು ಏನು ಹೇಳಿದರೂ ಲೆಕ್ಕ ಬದಲಾಗುವುದಿಲ್ಲ.

ನೇರ ಪಟ್ಟಿಯ ಪರೀಕ್ಷೆ ಇನ್ನೂ ಸರಳ. ಅದನ್ನು ಫ್ರೆಟ್‌ಗಳ ಮೇಲೆ, ತಂತಿಗಳ ನಡುವೆ ಉದ್ದಕ್ಕೆ ಮಲಗಿಸಿ ಬ್ರಿಜ್‌ನ ಕಡೆಗೆ ಸರಿಸಿ. ಪಟ್ಟಿಯ ತುದಿ ಬ್ರಿಜ್‌ನ ಮರದ ಮೇಲ್ಮೈಯನ್ನು ಸವರಿಕೊಂಡು ಹೋದರೆ ಕೋನ ಸರಿಯಾಗಿದೆ. ಅದು ಬ್ರಿಜ್‌ನ ಮುಂಬದಿಗೆ ಬಡಿದು ನಿಂತರೆ ಕೋನ ಇಳಿದಿದೆ. ಎಷ್ಟು ಕೆಳಗೆ ಬಡಿಯುತ್ತದೆಯೋ ಅಷ್ಟು ತೊಂದರೆ. ಇದರ ಜೊತೆಗೆ ಬ್ರಿಜ್‌ನ ದಪ್ಪವನ್ನೂ ನೋಡಿ. ಸಾಮಾನ್ಯವಾಗಿ ಅದು 8ರಿಂದ 9 ಮಿ.ಮೀ. ಇರುತ್ತದೆ. ತೀರ ತೆಳ್ಳಗಿದ್ದರೆ ಹಿಂದಿನ ಮಾಲೀಕರೊಬ್ಬರು ನೆಕ್ ರಿಪೇರಿಯ ಖರ್ಚು ಉಳಿಸಲು ಬ್ರಿಜ್ಜನ್ನೇ ಹೆರೆದಿದ್ದಾರೆ ಎಂದರ್ಥ. ಅಂಥ ಗಿಟಾರಿನ ಅಳತೆ ಮೇಲ್ನೋಟಕ್ಕೆ ಚೆನ್ನಾಗಿ ಕಾಣುತ್ತದೆ, ಆದರೆ ಮುಂದೆ ತಗ್ಗಿಸಲು ಅದರಲ್ಲಿ ಏನೂ ಉಳಿದಿರುವುದಿಲ್ಲ.

ಬಿರುಕುಗಳಿಗೆ ಜನ ಹೆದರುತ್ತಾರೆ. ನನಗೆ ಬಿರುಕಿನ ಭಯ ಕಡಿಮೆ. ಹಲಗೆಯ ಎಳೆಗುಂಟ ಬಿಟ್ಟ ಬಿರುಕನ್ನು ಅಂಟು ಹಾಕಿ, ಒಳಗಿನಿಂದ ಸಣ್ಣ ಮರದ ತುಣುಕುಗಳನ್ನು ಆನಿಸಿ ಭದ್ರ ಮಾಡಿದರೆ ಅದು ದಶಕಗಳ ಕಾಲ ತಡೆಯುತ್ತದೆ, ಮತ್ತು ಬಿರುಕಿರುವ ಗಿಟಾರ್ ಇನ್ನಷ್ಟು ಅಗ್ಗಕ್ಕೆ ಸಿಗುತ್ತದೆ. ಬಿರುಕಿದ್ದೂ ನೆಕ್ ನೆಟ್ಟಗಿರುವ ಗಿಟಾರು, ಹೊಳೆಯುತ್ತಿದ್ದೂ ನೆಕ್ ತಿರುಗಿದ ಗಿಟಾರಿಗಿಂತ ಎಷ್ಟೋ ಪಾಲು ಮೇಲು.

ಶಿಕಾಗೋದ ಗಿಟಾರುಗಳು

ಹಾರ್ಮನಿ ಕಂಪನಿ 1892ರಲ್ಲಿ ಶಿಕಾಗೋದಲ್ಲಿ ಹುಟ್ಟಿತು. 1916ರಲ್ಲಿ ಅಂಚೆ ಮೂಲಕ ಸರಕು ಮಾರುತ್ತಿದ್ದ ಸಿಯರ್ಸ್ ಸಂಸ್ಥೆ ಅದನ್ನು ಕೊಂಡುಕೊಂಡಿತು, 1940ರ ಸುಮಾರಿಗೆ ಅದು ಮತ್ತೆ ಸ್ವತಂತ್ರವಾಯಿತು, 1975ರಲ್ಲಿ ಮುಚ್ಚಿತು. ಅದರ ಪ್ರತಿಸ್ಪರ್ಧಿ ಕೇ ಕಂಪನಿಯೂ ಅದೇ ಊರಿನದು. ಈ ಎರಡೂ ಕಾರ್ಖಾನೆಗಳು ತಮ್ಮ ಹೆಸರಿನಲ್ಲಿ ಮಾತ್ರವಲ್ಲದೆ ಅಂಗಡಿಗಳ ಹೆಸರಿನಲ್ಲೂ ಗಿಟಾರು ಮಾಡಿಕೊಡುತ್ತಿದ್ದವು. ಸಿಯರ್ಸ್ ಮಾರುತ್ತಿದ್ದ ಸಿಲ್ವರ್‌ಟೋನ್ ಗಿಟಾರುಗಳಲ್ಲಿ ಬಹಳಷ್ಟು ಇಲ್ಲಿಯವೇ. ಆದ್ದರಿಂದ ಗಿಟಾರಿನ ತಲೆಯ, ಅಂದರೆ ತಂತಿ ಬಿಗಿಯುವ ಕೀಗಳಿರುವ ತುದಿಯ, ಮೇಲಿನ ಹೆಸರು ನೋಡಿ ಒಂದನ್ನು ಹೆಚ್ಚು, ಒಂದನ್ನು ಕಡಿಮೆ ಎಂದು ಎಣಿಸಬೇಕಿಲ್ಲ. ಹಾರ್ಮನಿಯ ಎಷ್ಟೋ ಗಿಟಾರುಗಳ ಒಳಗೆ, ಧ್ವನಿರಂಧ್ರದ ಮೂಲಕ ಇಣುಕಿದರೆ, ವರ್ಷದ ಕೊನೆಯ ಎರಡು ಅಂಕಿಗಳಿರುವ ಶಾಯಿಯ ಮುದ್ರೆ ಕಾಣುತ್ತದೆ. ವಯಸ್ಸು ತಿಳಿಯಲು ಅದು ಸಾಕು.

ಈ ಗಿಟಾರುಗಳ ದೊಡ್ಡ ಆಕರ್ಷಣೆಯೆಂದರೆ ಅಗ್ಗದ ಮಾದರಿಗಳಲ್ಲೂ ಹಲವು ಪೂರ್ತಿ ಗಟ್ಟಿ ಮರದವು, ಪ್ಲೈವುಡ್ಡಿನವಲ್ಲ. ಆ ಕಾಲಕ್ಕೆ ಗಟ್ಟಿ ಬರ್ಚ್ ಮರ ಅಗ್ಗವಾಗಿತ್ತು. 1939ರಲ್ಲಿ ಹಾರ್ಮನಿ ಕೊಂಡುಕೊಂಡ ಸ್ಟೆಲ್ಲಾ ಹೆಸರಿನ ಚಿಕ್ಕ ಗಿಟಾರುಗಳನ್ನು ಈ ಬರ್ಚ್‌ನಿಂದಲೇ ಮಾಡಿ, ಮೇಲೆ ಮರದ ಎಳೆಗಳನ್ನು ಬಣ್ಣದಲ್ಲಿ ಬರೆದು, ಅಂಚಿನ ಬಿಳಿ ಪಟ್ಟಿಯನ್ನೂ ಬಣ್ಣದಲ್ಲೇ ಎಳೆದು ಮಾರುತ್ತಿದ್ದರು. ಬ್ಲೂಸ್ ಗಾಯಕ ಲೆಡ್ ಬೆಲ್ಲಿಯ ಕೈಯಲ್ಲಿದ್ದ ಹನ್ನೆರಡು ತಂತಿಯ ಗಿಟಾರೂ ಸ್ಟೆಲ್ಲಾ ಹೆಸರಿನದೇ, ಆದರೆ ಅದು ಹಿಂದಿನ ತಯಾರಕರಾದ ಆಸ್ಕರ್ ಶ್ಮಿಟ್ ಕಂಪನಿಯ ಕಾಲದ್ದು. ನಂತರದ ಚಿಕ್ಕ ಸ್ಟೆಲ್ಲಾದಿಂದ ಆ ನಾದವನ್ನು ನಿರೀಕ್ಷಿಸಬಾರದು. ಹಾರ್ಮನಿಯ ಮೇಲ್ದರ್ಜೆಯ ಸಾವರಿನ್ ಸಾಲಿನಲ್ಲಿ ಗಟ್ಟಿ ಸ್ಪ್ರೂಸ್ ಮೇಲ್ಹಲಗೆ, ಮಹಾಗನಿಯ ಬೆನ್ನು ಮತ್ತು ಪಕ್ಕಗಳು ಇರುತ್ತವೆ. ಲೆಡ್ ಜೆಪ್ಲಿನ್ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ 1970ರ ಆಸುಪಾಸಿನಲ್ಲಿ ಬಳಸಿದ ಅಕೌಸ್ಟಿಕ್ ಗಿಟಾರುಗಳಲ್ಲಿ ಸಾವರಿನ್ ಎಚ್1260 ಕೂಡ ಒಂದು.

ನಾದದ ವಿಚಾರಕ್ಕೆ ಬಂದರೆ ಇವುಗಳ ಒಳಗಿನ ಕಟ್ಟಡವನ್ನು ಅರಿತಿರಬೇಕು. ಮೇಲ್ಹಲಗೆಯ ಅಡಿಯಲ್ಲಿ ಆಧಾರದ ಪಟ್ಟಿಗಳನ್ನು ಅಡ್ಡಡ್ಡಲಾಗಿ, ಏಣಿಯ ಮೆಟ್ಟಿಲುಗಳ ಹಾಗೆ ಜೋಡಿಸಿರುವುದರಿಂದ ಇದಕ್ಕೆ ಲ್ಯಾಡರ್ ಬ್ರೇಸಿಂಗ್ ಎಂದು ಹೆಸರು. ಮಾರ್ಟಿನ್ ಕಂಪನಿ 1840ರ ದಶಕದಿಂದ ಬಳಸುತ್ತ ಬಂದ, ಇಂದು ಎಲ್ಲೆಡೆ ಕಾಣುವ ಎಕ್ಸ್ ಆಕಾರದ ಬ್ರೇಸಿಂಗ್‌ಗಿಂತ ಇದು ಭಿನ್ನ. ಎಕ್ಸ್ ಬ್ರೇಸಿಂಗ್‌ನಲ್ಲಿ ಮಂದ್ರ ತುಂಬಿಕೊಂಡಿರುತ್ತದೆ, ನಾದ ಹೆಚ್ಚು ಹೊತ್ತು ನಿಲ್ಲುತ್ತದೆ. ಲ್ಯಾಡರ್ ಬ್ರೇಸಿಂಗ್‌ನಲ್ಲಿ ಮೀಟಿದ ಕೂಡಲೇ ಸ್ವರ ಚುರುಕಾಗಿ ಚಿಮ್ಮಿ ಬೇಗ ಆರುತ್ತದೆ, ನಡು ಶ್ರೇಣಿಯ ಸ್ವರಗಳು ಮುಂದೆ ನಿಲ್ಲುತ್ತವೆ. ಬೆರಳುಗಳಿಂದ ಬ್ಲೂಸ್ ನುಡಿಸುವವರಿಗೆ, ತಮ್ಮ ದನಿಗೆ ತಾವೇ ಜೊತೆ ನುಡಿಸಿಕೊಳ್ಳುವವರಿಗೆ ಇದಕ್ಕಿಂತ ಹಿತವಾದ ನಾದವಿಲ್ಲ ಎಂದೇ ನನ್ನ ತಿಳಿವಳಿಕೆ: ಒಂದು ಸ್ವರ ಇನ್ನೊಂದರ ಮೇಲೆ ಹರಡಿ ಕಲಸಿಹೋಗುವುದಿಲ್ಲ, ಹಾಡಿನ ಮಾತುಗಳಿಗೆ ಜಾಗ ಉಳಿಯುತ್ತದೆ. ಜೋರಾಗಿ ಕಾರ್ಡ್ ಬಾರಿಸಿ ದೊಡ್ಡ ಗುಂಗು ಬೇಕೆನ್ನುವವರಿಗೆ ಇದು ಪೆಟ್ಟಿಗೆಯ ಸದ್ದಿನಂತೆ ಕೇಳಬಹುದು, ಅವರು ಜಪಾನಿ ಗಿಟಾರುಗಳ ಕಡೆ ನೋಡುವುದು ಒಳ್ಳೆಯದು.

ಇವುಗಳ ದೌರ್ಬಲ್ಯವೂ ಇದೇ ಕಟ್ಟಡದಲ್ಲಿದೆ. ಅಡ್ಡಪಟ್ಟಿಗಳು ತಂತಿಯ ಎಳೆತವನ್ನು ಉದ್ದಕ್ಕೆ ತಡೆಯುವುದು ಕಡಿಮೆಯಾದ್ದರಿಂದ ಧ್ವನಿರಂಧ್ರ ಮತ್ತು ಬ್ರಿಜ್ ನಡುವಿನ ಹಲಗೆ ಕುಸಿಯುತ್ತದೆ, ಬ್ರಿಜ್‌ನ ಹಿಂದೆ ಹೊಟ್ಟೆ ಬರುತ್ತದೆ. ಇನ್ನೊಂದು ತೊಡಕು ಟ್ರಸ್ ರಾಡ್‌ನದು, ಅಂದರೆ ನೆಕ್‌ನ ಒಳಗಿದ್ದು ಅದು ಬಾಗದಂತೆ ಹಿಡಿಯುವ ಲೋಹದ ಸರಳಿನದು. ಹೊಂದಿಸಬಹುದಾದ ಟ್ರಸ್ ರಾಡ್‌ಗೆ ಗಿಬ್ಸನ್ ಕಂಪನಿ 1923ರಲ್ಲೇ ಪೇಟೆಂಟ್ ಪಡೆದಿದ್ದರೂ ಅಗ್ಗದ ಗಿಟಾರುಗಳಿಗೆ ಅದು ಬಹುಕಾಲ ಬರಲಿಲ್ಲ. ತಲೆಯ ಮೇಲೆ ಉಕ್ಕಿನ ಬಲವಿರುವ ನೆಕ್ ಎಂದು ಬರೆದಿದ್ದರೆ ಒಳಗಿರುವುದು ತಿರುಗಿಸಲಾಗದ ಸರಳು ಮಾತ್ರ. ಅಂಥ ನೆಕ್ ಬಾಗಿದರೆ ಫ್ರೆಟ್‌ಗಳನ್ನು ತೆಗೆದು ಸ್ವಲ್ಪ ದಪ್ಪ ಬುಡದ ಹೊಸ ಫ್ರೆಟ್‌ಗಳನ್ನು ಬಿಗಿಯಾಗಿ ಕೂರಿಸಿ ನೆಕ್ ಅನ್ನು ಹಿಂದಕ್ಕೆ ತಳ್ಳುವ ಉಪಾಯವಿದೆ, ಆದರೆ ಅದು ಬಲ್ಲವರ ಕೆಲಸ. ತೀರ ಅಗ್ಗದ ಮಾದರಿಗಳಲ್ಲಿ ಫ್ರೆಟ್‌ಗಳು ಮೆದು ಹಿತ್ತಾಳೆಯವು, ದಿನವೂ ನುಡಿಸಿದರೆ ಬೇಗ ತಗ್ಗು ಬೀಳುತ್ತವೆ. ಫ್ರೆಟ್‌ಗಳು ಕೂರುವ ಮರದ ಪಟ್ಟಿ, ಅಂದರೆ ಫಿಂಗರ್‌ಬೋರ್ಡ್, ಕಪ್ಪು ಎಬೊನಿ ಮರದಂತೆ ಕಂಡರೂ ಕಪ್ಪು ಬಣ್ಣ ಬಳಿದ ಬೇರೆ ಮರವಾಗಿರಬಹುದು.

ಇಷ್ಟಿದ್ದರೂ ರಿಪೇರಿಯ ದೃಷ್ಟಿಯಿಂದ ಇವು ಉದಾರ ಗಿಟಾರುಗಳು. ಇವುಗಳಲ್ಲಿ ಬಹಳಷ್ಟನ್ನು ಬಿಸಿಗೂ ಹಬೆಗೂ ಬಿಟ್ಟುಕೊಡುವ ಅಂಟಿನಿಂದ ಜೋಡಿಸಿರುವುದರಿಂದ ನೆಕ್ ಬಿಚ್ಚಬಹುದು, ಬೆನ್ನನ್ನೇ ತೆಗೆದು ಒಳಗಿನ ಪಟ್ಟಿಗಳನ್ನು ಹೊಸದಾಗಿ ಜೋಡಿಸುವವರೂ ಇದ್ದಾರೆ. ತಾವೇ ಕೆಲಸ ಕಲಿಯಬೇಕೆಂಬ ಹುಮ್ಮಸ್ಸಿರುವವರಿಗೆ ಶಿಕಾಗೋದ ಗಿಟಾರಿಗಿಂತ ಒಳ್ಳೆಯ ಪಾಠಶಾಲೆ ಸಿಗದು. ತಂತಿಗಳನ್ನು ಬುಡದಲ್ಲಿರುವ ಲೋಹದ ಟೇಲ್‌ಪೀಸ್‌ಗೆ ಕಟ್ಟುವ ಮಾದರಿಗಳು ಇನ್ನೂ ಸುಲಭ. ಅವುಗಳಲ್ಲಿ ಬ್ರಿಜ್ ಹಲಗೆಗೆ ಅಂಟಿರುವುದಿಲ್ಲ, ತಂತಿಯ ಒತ್ತಡದಿಂದಷ್ಟೇ ನಿಂತಿರುತ್ತದೆ. ಹಲಗೆಯನ್ನು ಮೇಲಕ್ಕೆ ಕೀಳುವ ಬಲವಿಲ್ಲದ್ದರಿಂದ ಹೊಟ್ಟೆ ಬರುವುದಿಲ್ಲ, ಬ್ರಿಜ್ಜನ್ನು ಕೈಯಿಂದಲೇ ಉಜ್ಜಿ ತಗ್ಗಿಸಬಹುದು. ನಾದ ಮಾತ್ರ ಇನ್ನಷ್ಟು ಒಣದಾಗಿರುತ್ತದೆ.

ಜಪಾನಿ ಗಿಟಾರುಗಳು

ಯಮಾಹಾದ ಎಫ್‌ಜಿ ಸಾಲು 1966ರಲ್ಲಿ ಎಫ್‌ಜಿ-180 ಮತ್ತು ಎಫ್‌ಜಿ-150 ಮಾದರಿಗಳೊಂದಿಗೆ ಆರಂಭವಾಯಿತು. ಆಗ ಕಂಪನಿಯ ಹೆಸರು ನಿಪ್ಪಾನ್ ಗಕ್ಕಿ. ಮೊದಲ ವರ್ಷಗಳ ಗಿಟಾರುಗಳ ಒಳಗೆ ಆ ಹೆಸರಿರುವ ಕೆಂಪು ಚೀಟಿ ಇರುತ್ತದೆ, ಅದಕ್ಕಾಗಿ ಇಂದು ಹೆಚ್ಚು ಬೆಲೆ ಕೇಳುತ್ತಾರೆ. 1969ರ ವುಡ್‌ಸ್ಟಾಕ್ ಸಂಗೀತೋತ್ಸವದ ವೇದಿಕೆಯಲ್ಲಿ ಕಂಟ್ರಿ ಜೋ ಮೆಕ್‌ಡೊನಾಲ್ಡ್ ಒಬ್ಬರೇ ನಿಂತು ಹಾಡಿದಾಗ ಅವರ ಕೈಯಲ್ಲಿದ್ದುದು ಎಫ್‌ಜಿ-150. ಈ ಗಿಟಾರುಗಳ ಮೇಲ್ಹಲಗೆಯೂ ಪ್ಲೈವುಡ್ಡು ಎಂಬುದನ್ನು ಕೇಳಿ ಹಿಂಜರಿಯುವವರು ಒಮ್ಮೆ ನುಡಿಸಿ ನೋಡಬೇಕು. ತೆಳುವಾದ ಸ್ಪ್ರೂಸ್ ಪದರಗಳಿಂದ, ಅಳತೆ ತಪ್ಪದೆ ಕಟ್ಟಿದ ಈ ಗಿಟಾರುಗಳು ಸ್ಪಷ್ಟವಾಗಿ, ಸಮವಾಗಿ ನುಡಿಯುತ್ತವೆ. ಮುಖ್ಯವಾಗಿ, ಅವುಗಳ ಸ್ವರಗಳು ಫಿಂಗರ್‌ಬೋರ್ಡ್‌ನ ಮೇಲುಗಡೆಯೂ ಶ್ರುತಿಬದ್ಧವಾಗಿರುತ್ತವೆ. ಅಗ್ಗದ ಹಳೆಯ ಗಿಟಾರುಗಳಲ್ಲಿ ಅದು ಅಪರೂಪದ ಗುಣ.

ಮೇಲ್ಹಲಗೆ ಗಟ್ಟಿ ಮರದ್ದೋ ಪದರದ್ದೋ ಎಂದು ತಿಳಿಯಲು ಧ್ವನಿರಂಧ್ರದ ಅಂಚನ್ನು ಬೆಳಕು ಹಾಕಿ ನೋಡಬೇಕು. ಮೇಲಿನ ಎಳೆಗಳು ಅಂಚಿನ ದಪ್ಪದಲ್ಲೂ ಹಾಗೆಯೇ ಇಳಿದು ಬಂದಿದ್ದರೆ ಗಟ್ಟಿ ಮರ. ನಡುವೆ ಬೇರೆ ದಿಕ್ಕಿನ ಒಂದು ಪದರ ಗೆರೆಯಂತೆ ಕಂಡರೆ ಪ್ಲೈವುಡ್. ದಶಕಗಳ ಲೆಕ್ಕದಲ್ಲಿ ಪ್ಲೈವುಡ್ಡಿಗೆ ಒಂದು ದೊಡ್ಡ ಅನುಕೂಲವಿದೆ: ಎದುರುಬದುರು ದಿಕ್ಕಿನ ಪದರಗಳು ಒಂದನ್ನೊಂದು ಹಿಡಿದಿಟ್ಟುಕೊಳ್ಳುವುದರಿಂದ ಹವೆ ಒಣಗಿದಾಗಲೂ ಹಲಗೆ ಸುಲಭವಾಗಿ ಬಿರಿಯುವುದಿಲ್ಲ. ಗಟ್ಟಿ ಮರದ ಗಿಟಾರಿಗೆ 45ರಿಂದ 55 ಶೇಕಡಾ ತೇವಾಂಶ ಬೇಕು, ಅದನ್ನು ವರ್ಷವಿಡೀ ಕಾಪಾಡಿಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ. ಮನೆಯ ಮೂಲೆಯಲ್ಲಿ ಸ್ಟ್ಯಾಂಡ್ ಮೇಲೆ ಇಟ್ಟು ಬೇಕೆಂದಾಗ ಕೈಗೆತ್ತಿಕೊಳ್ಳುವ ಅಭ್ಯಾಸವಿರುವವರು, ಮಕ್ಕಳಿರುವ ಮನೆಯವರು, ಪ್ರಯಾಣದಲ್ಲಿ ಒಯ್ಯುವವರು ಪ್ಲೈವುಡ್ಡನ್ನೇ ಆರಿಸುವುದು ವಿವೇಕ. ಗಟ್ಟಿ ಮರದ ಹಲಗೆ ವಯಸ್ಸಾದಂತೆ ಬಿಚ್ಚಿಕೊಂಡು ನುಡಿಯುತ್ತದೆ ಎಂಬ ಮಾತಿಗಾಗಿ ಈ ನೆಮ್ಮದಿಯನ್ನು ಬಿಟ್ಟುಕೊಡಬೇಕಿಲ್ಲ.

ಜಪಾನಿ ಗಿಟಾರುಗಳ ತೊಂದರೆ ಬೇರೆಡೆ ಇದೆ. ಅವುಗಳ ನೆಕ್ ಜೋಡಣೆಗೆ ಬಳಸಿದ ಅಂಟು ಎಷ್ಟೋ ಸಲ ಹಬೆಗೆ ಸುಲಭವಾಗಿ ಬಿಡುವುದಿಲ್ಲ, ಆದ್ದರಿಂದ ಹಳೆಯ ಎಫ್‌ಜಿಯ ನೆಕ್ ಬಿಚ್ಚಲು ರಿಪೇರಿ ಮಾಡುವವರು ಹಿಂದೇಟು ಹಾಕುತ್ತಾರೆ. ಶಿಕಾಗೋದ ಗಿಟಾರಿನಲ್ಲಿ ಸ್ವಲ್ಪ ಇಳಿದ ಕೋನವನ್ನು ಸಹಿಸಬಹುದು, ಜಪಾನಿ ಗಿಟಾರಿನಲ್ಲಿ ಸಹಿಸಬಾರದು: ಅದನ್ನು ಕೊಳ್ಳುವ ದಿನವೇ ಕೋನ ಸರಿಯಾಗಿರಬೇಕು, ಸ್ಯಾಡಲ್ ಮೇಲೆ ಮಿಗುವಷ್ಟು ಎತ್ತರ ಉಳಿದಿರಬೇಕು. ಈ ಒಂದು ಷರತ್ತಿಗೆ ಒಳಪಟ್ಟರೆ, ಮೊದಲ ಬಾರಿಗೆ ಹಳೆಯ ಗಿಟಾರ್ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ.

1970ರ ದಶಕದ ಅನೇಕ ಜಪಾನಿ ಗಿಟಾರುಗಳಲ್ಲಿ ಎರಡು ತಿರುಪುಗಳಿಂದ ಏರಿಸಿ ಇಳಿಸುವ ಸ್ಯಾಡಲ್ ಇರುತ್ತದೆ. ಇದು ಅನುಕೂಲವಾಗಿ ಕಂಡರೂ ತಂತಿಯ ಕಂಪನ ತಿರುಪುಗಳ ಮೂಲಕ ಹಲಗೆಗೆ ಇಳಿಯಬೇಕಾದ್ದರಿಂದ ನಾದ ಮಂಕಾಗುತ್ತದೆ. ಆ ಸ್ಯಾಡಲ್ ಕೂತಿದ್ದ ಕುಳಿಯನ್ನು ಮರದಿಂದ ತುಂಬಿಸಿ ಮೂಳೆಯ ಸ್ಯಾಡಲ್ ಕೂರಿಸಿದರೆ ಗಿಟಾರು ಬಾಯಿ ತೆರೆದು ಮಾತಾಡತೊಡಗುತ್ತದೆ. ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಇನ್ನೊಂದು ಕೆಲಸವಿಲ್ಲ.

ಮಾರಾಟದ ಮಾತಿನಲ್ಲಿ ಈ ಕಾಲದ ಜಪಾನಿ ಗಿಟಾರುಗಳನ್ನು ಮೊಕದ್ದಮೆಯ ಕಾಲದ ಗಿಟಾರು ಎಂದು ಕರೆದು ಬೆಲೆ ಏರಿಸುವುದುಂಟು. ಆ ಮೊಕದ್ದಮೆಯನ್ನು ಆಗ ಗಿಬ್ಸನ್‌ನ ಮಾತೃಸಂಸ್ಥೆಯಾಗಿದ್ದ ನಾರ್ಲಿನ್ 1977ರಲ್ಲಿ ಇಬಾನೆಜ್ ಗಿಟಾರುಗಳನ್ನು ಅಮೆರಿಕದಲ್ಲಿ ಮಾರುತ್ತಿದ್ದ ಎಲ್ಗರ್ ಕಂಪನಿಯ ಮೇಲೆ ಹೂಡಿತ್ತು. ವಿವಾದ ಗಿಟಾರಿನ ತಲೆಯ ಆಕಾರಕ್ಕೆ ಸಂಬಂಧಿಸಿದ್ದು. ಅಕೌಸ್ಟಿಕ್ ಗಿಟಾರಿನ ನಾದಕ್ಕೂ ಬಾಳಿಕೆಗೂ ಅದಕ್ಕೂ ಏನೂ ಸಂಬಂಧವಿಲ್ಲದ್ದರಿಂದ ಆ ಹೆಸರಿಗೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಬೋಲ್ಟ್ ನೆಕ್, ನೈಲಾನ್ ತಂತಿ

ಇಟಲಿಯ ಏಕೋ ಕಂಪನಿ ರೇಂಜರ್ ಎಂಬ ಹೆಸರಿನಲ್ಲಿ ಮಾರಿದ ಗಿಟಾರುಗಳಲ್ಲಿ ನೆಕ್ ಅನ್ನು ಅಂಟಿನಿಂದಲ್ಲದೆ ಬೋಲ್ಟ್‌ಗಳಿಂದ ಕೂರಿಸಲಾಗಿದೆ. 1970ರ ದಶಕದಲ್ಲಿ ಜಪಾನಿನಲ್ಲಿ ತಯಾರಾದ ಕೆಲವು ಎಪಿಫೋನ್ ಅಕೌಸ್ಟಿಕ್‌ಗಳೂ ಹೀಗೆಯೇ. ನಾನು ಆರಂಭದಲ್ಲಿ ಹೇಳಿದ ಪ್ರಶ್ನೆಗೆ ಇವು ನೇರವಾಗಿ ಉತ್ತರಿಸುತ್ತವೆ. ಕೋನ ಇಳಿದರೆ ಬೋಲ್ಟ್ ಸಡಿಲಿಸಿ, ನೆಕ್‌ನ ಬುಡದಲ್ಲಿ ತೆಳುವಾದ ಮರದ ಚಕ್ಕೆಯೊಂದನ್ನು ಇಟ್ಟು, ಮತ್ತೆ ಬಿಗಿದರೆ ಕೆಲಸ ಮುಗಿಯಿತು. ಯಾರ ಕೈ ನೋಡುವ ಅಗತ್ಯವೂ ಇಲ್ಲ. ಜರ್ಮನಿಯ ಫ್ರಾಮಸ್ ಕಂಪನಿ ಹಲವು ಪದರಗಳ ಮರವನ್ನು ಅಂಟಿಸಿ ನೆಕ್ ಮಾಡುತ್ತಿತ್ತು. ಅಂಥ ನೆಕ್ ಒಂದೇ ತುಂಡಿನ ಮರದಷ್ಟು ಸುಲಭವಾಗಿ ಬಾಗುವುದಿಲ್ಲ. ಈ ಗಿಟಾರುಗಳು ಭಾರ, ಹಲಗೆ ದಪ್ಪ, ನಾದ ಸ್ವಲ್ಪ ಮುಚ್ಚಿಕೊಂಡಂತಿರುತ್ತದೆ. ನಾದವೇ ಮೊದಲು ಎನ್ನುವವರಿಗೆ ಇವು ಹಿಡಿಸಲಾರವು. ರಿಪೇರಿ ಮಾಡುವವರು ಹತ್ತಿರದಲ್ಲಿ ಯಾರೂ ಇಲ್ಲದವರು ಮಾತ್ರ ಇವನ್ನು ಪಟ್ಟಿಯ ಮೇಲುಗಡೆ ಇಟ್ಟುಕೊಳ್ಳಬೇಕು.

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರುಗಳನ್ನು ಈ ಚರ್ಚೆಯಲ್ಲಿ ಹಲವರು ಮರೆಯುತ್ತಾರೆ. ಅವುಗಳ ತಂತಿಯ ಎಳೆತ ಸುಮಾರು 40 ಕೆ.ಜಿ. ಮಾತ್ರ, ಉಕ್ಕಿನ ತಂತಿಯದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹಾಗಾಗಿ ಚೆನ್ನಾಗಿ ಇಟ್ಟುಕೊಂಡ ಹಳೆಯ ಕ್ಲಾಸಿಕಲ್ ಗಿಟಾರುಗಳ ನೆಕ್ ಬಹುಪಾಲು ನೆಟ್ಟಗೇ ಇರುತ್ತದೆ, ಫ್ರೆಟ್‌ಗಳು ಸವೆಯುವುದೂ ನಿಧಾನ. ನಟ್‌ನ, ಅಂದರೆ ತಲೆಯ ಬಳಿ ತಂತಿಗಳು ಕೂರುವ ತೋಡುಗಳಿರುವ ಪಟ್ಟಿಯ, ಬಳಿ ನೆಕ್ ಸುಮಾರು 52 ಮಿ.ಮೀ. ಅಗಲವಿರುವುದರಿಂದ ಹೆಬ್ಬೆರಳು ಮೇಲಿನಿಂದ ಸುತ್ತಿ ಹಿಡಿಯುವ ಅಭ್ಯಾಸದವರಿಗೆ ಒಗ್ಗುವುದಿಲ್ಲ. ಆದರೆ ಬೆರಳ ತುದಿ ನೋಯುವವರಿಗೆ, ವಯಸ್ಸಾದಂತೆ ಕೀಲು ಬಿಗಿಯುವ ಕೈಗಳಿಗೆ ಇದು ದೊಡ್ಡ ಉಪಕಾರ. ಕೊಳ್ಳುವಾಗ ಒಂದನ್ನು ಮಾತ್ರ ಖಚಿತಪಡಿಸಿಕೊಳ್ಳಿ: ಹಿಂದೆ ಯಾರಾದರೂ ಅದಕ್ಕೆ ಉಕ್ಕಿನ ತಂತಿ ಹಾಕಿದ್ದರೇ ಎಂಬುದನ್ನು. ಹಾಕಿದ್ದರೆ ಬ್ರಿಜ್‌ನ ಹಿಂದೆ ಉಬ್ಬು, ಬ್ರಿಜ್‌ನ ಅಂಚಿನಲ್ಲಿ ಕಾಗದದ ಚೂರು ತೂರುವಷ್ಟು ಸಂದು ಕಾಣುತ್ತದೆ. ಅಂಥದನ್ನು ಅಲ್ಲೇ ಬಿಟ್ಟು ಬನ್ನಿ.

ಅದೇ ಹಣಕ್ಕೆ ಹೊಸದು ಬಾರದೇ?

ಬರುತ್ತದೆ, ಮತ್ತು ಇಂದಿನ ಅಗ್ಗದ ಹೊಸ ಗಿಟಾರುಗಳು ಚೆನ್ನಾಗಿವೆ. ಯಂತ್ರದಲ್ಲಿ ಕತ್ತರಿಸಿದ ನೆಕ್, ಕೆಲಸ ಮಾಡುವ ಟ್ರಸ್ ರಾಡ್, ಸರಿಯಾಗಿ ತಿರುಗುವ ಕೀಗಳು, ಸ್ವಲ್ಪ ಹೆಚ್ಚು ಕೊಟ್ಟರೆ ಗಟ್ಟಿ ಮರದ ಮೇಲ್ಹಲಗೆ, ಜೊತೆಗೆ ವಾರಂಟಿ. ಇನ್ನೂ ಒಂದೂ ಗಿಟಾರ್ ಇಲ್ಲದ, ಈಗಷ್ಟೇ ಕಲಿಯಲು ಕೂತಿರುವವರಿಗೆ ಹೊಸದೇ ಸರಿ. ಕಲಿಯುವ ಕಷ್ಟ ಯಾವುದು, ವಾದ್ಯದ ದೋಷ ಯಾವುದು ಎಂದು ಬೇರ್ಪಡಿಸುವ ಕಿವಿ ಅವರಿಗೆ ಇನ್ನೂ ಬಂದಿರುವುದಿಲ್ಲ. ಹಳೆಯದರ ಪರವಾಗಿ ನಿಲ್ಲುವ ವಾದವೂ ಗಟ್ಟಿಯಾಗಿದೆ. ಐವತ್ತು ವರ್ಷ ತಂತಿಯ ಎಳೆತ ಹೊತ್ತೂ ಇಂದು ನೆಟ್ಟಗಿರುವ ನೆಕ್ ಮುಂದೆಯೂ ನೆಟ್ಟಗಿರುವ ಸಂಭವ ಹೆಚ್ಚು, ಏಕೆಂದರೆ ಅದರ ಮರ ಆಗಬೇಕಾದಷ್ಟು ಒಣಗಿ, ಬಾಗಬೇಕಾದಷ್ಟು ಬಾಗಿ ನೆಲೆನಿಂತಿದೆ. ಹೊಸ ಗಿಟಾರು ಆ ಪರೀಕ್ಷೆಗೆ ಇನ್ನೂ ಕೂತಿಲ್ಲ. ಅಲ್ಲದೆ ಚಿಕ್ಕ ಮೈಯ, ಲ್ಯಾಡರ್ ಬ್ರೇಸಿಂಗ್‌ನ ಹಗುರ ಗಿಟಾರಿನ ನಾದ ಇಂದಿನ ಅಗ್ಗದ ಸಾಲಿನಲ್ಲಿ ಸುಲಭವಾಗಿ ಸಿಗುವುದಿಲ್ಲ.

ಇಟ್ಟುಕೊಂಡ ಮೇಲೆ

ಆಯ್ಕೆ ಯಾವುದಾದರೂ ಬಾಳಿಕೆಯನ್ನು ಎಲ್ಲಕ್ಕಿಂತ ಹೆಚ್ಚಿಸುವುದು ತಂತಿಯ ಎಳೆತವನ್ನು ಕಡಿಮೆ ಮಾಡುವುದು. ತೆಳುವಾದ ಎಕ್ಸ್‌ಟ್ರಾ ಲೈಟ್ ಸೆಟ್ ಹಾಕಿದರೆ ಎಳೆತ 60 ಕೆ.ಜಿ. ಆಸುಪಾಸಿಗೆ ಇಳಿಯುತ್ತದೆ. ಎಲ್ಲ ತಂತಿಗಳನ್ನೂ ಎರಡು ಫ್ರೆಟ್‌ಗಳಷ್ಟು, ಅಂದರೆ ಪೂರ್ತಿ ಒಂದು ಸ್ವರ ಕೆಳಗೆ ಇಳಿಸಿ ಶ್ರುತಿ ಮಾಡಿದರೆ ಎಳೆತದ ಸುಮಾರು ಐದನೆಯ ಒಂದು ಭಾಗ ಕಡಿಮೆಯಾಗುತ್ತದೆ. ಮೂಲ ಶ್ರುತಿ ಬೇಕಾದಾಗ ಎರಡನೆಯ ಫ್ರೆಟ್‌ಗೆ ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್, ಹಾಕಿದರಾಯಿತು. ಲ್ಯಾಡರ್ ಬ್ರೇಸಿಂಗ್‌ನ ಹಳೆಯ ಗಿಟಾರುಗಳಿಗೆ ಇದನ್ನು ನಿಯಮವೆಂದೇ ಪಾಲಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಇಳಿಸಿದ ಶ್ರುತಿಯಲ್ಲಿ ಅವುಗಳ ನಾದವೂ ಆಳವಾಗುತ್ತದೆ, ಹಾಡುವವರ ದನಿಗೂ ಹಲವು ಸಲ ಹೆಚ್ಚು ಹೊಂದುತ್ತದೆ.

ನುಡಿಸುತ್ತ ಹೋದಂತೆ ಸವೆಯುವ ಭಾಗಗಳನ್ನು ಬದಲಿಸುವುದರಲ್ಲಿ ಅಂಜಿಕೆ ಬೇಡ. ಮೊದಲ ಮೂರು ಫ್ರೆಟ್‌ಗಳಲ್ಲಿ ತಂತಿಯ ಅಡಿ ತಗ್ಗು ಬೀಳುತ್ತದೆ. ಕೆಲವು ಸಲ ಉಜ್ಜಿ ಸಮ ಮಾಡಬಹುದು, ಆಮೇಲೆ ಹೊಸ ಫ್ರೆಟ್ ಹಾಕಿಸಬೇಕು. ಬ್ರಿಜ್‌ನ ಅಡಿಯಲ್ಲಿ ಒಳಗಡೆ ಇರುವ ಗಟ್ಟಿಮರದ ತಟ್ಟೆಯನ್ನು ತಂತಿಗಳ ಗುಂಡಿ ತುದಿ ದಶಕಗಳಲ್ಲಿ ಕೊರೆದುಬಿಡುತ್ತದೆ. ಒಂದು ಪುಟ್ಟ ಕನ್ನಡಿಯನ್ನು ಧ್ವನಿರಂಧ್ರದೊಳಗೆ ಇಳಿಸಿ ಟಾರ್ಚ್ ಬಿಟ್ಟು ನೋಡಿದರೆ ರಂಧ್ರಗಳ ಸುತ್ತ ಮರ ಹರಿದಿರುವುದು, ಗುಂಡಿಗಳು ಓರೆಯಾಗಿ ಸಿಕ್ಕಿಕೊಂಡಿರುವುದು ಕಾಣುತ್ತದೆ. ಹಾಗಿದ್ದರೆ ತಂತಿಯ ಸುತ್ತು ಕಟ್ಟಿದ ಭಾಗ ಸ್ಯಾಡಲ್ ಮೇಲೇ ಬಂದು ಕೂರುತ್ತದೆ, ನಾದ ಕೆಡುತ್ತದೆ, ಬ್ರಿಜ್ ಮೇಲೇಳಲು ಆರಂಭಿಸುತ್ತದೆ. ಇದನ್ನು ತಡಮಾಡದೆ ಸರಿಪಡಿಸಬೇಕು. ಹಳೆಯ ಕೀಗಳ ಪ್ಲಾಸ್ಟಿಕ್ ಗುಂಡಿಗಳು ಪುಡಿಯಾಗುವುದು ಸಾಮಾನ್ಯ, ಗುಂಡಿಗಳನ್ನಷ್ಟೇ ಬದಲಿಸಿದರೆ ಸಾಕು. ಮೇಲ್ಹಲಗೆಗೆ ಗೀರು ಬೀಳದಂತೆ ಅಂಟಿಸಿದ ಸೆಲ್ಯುಲಾಯ್ಡ್ ಪಿಕ್‌ಗಾರ್ಡ್ ಸುಕ್ಕುಗಟ್ಟಿ ಹುಳಿ ವಾಸನೆ ಬರತೊಡಗಿದರೆ ಅದನ್ನು ತೆಗೆದುಹಾಕಬೇಕು. ಅದು ಬಿಡುವ ಆವಿ ಪೆಟ್ಟಿಗೆಯೊಳಗಿನ ಲೋಹದ ಭಾಗಗಳಿಗೆ ತುಕ್ಕು ಹಿಡಿಸುತ್ತದೆ.

ದೇಶದಿಂದ ದೇಶಕ್ಕೆ ಒಯ್ಯುವವರು ಇನ್ನೊಂದು ವಿಷಯ ಗಮನಿಸಬೇಕು. ಹಳೆಯ ಅಗ್ಗದ ಗಿಟಾರುಗಳಲ್ಲೂ ಫಿಂಗರ್‌ಬೋರ್ಡ್ ಮತ್ತು ಬ್ರಿಜ್ ಬ್ರೆಜಿಲ್‌ನ ಬೀಟೆ ಮರದ್ದಾಗಿರಬಹುದು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1992ರಲ್ಲಿ ಈ ಮರವನ್ನು ತನ್ನ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. ಬೀಟೆಯ ಇತರ ಜಾತಿಗಳಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿದೆ, ಬ್ರೆಜಿಲ್‌ನ ಬೀಟೆಗೆ ಸಿಕ್ಕಿಲ್ಲ. ಹೊರಡುವ ಮೊದಲೇ ಪ್ರಮಾಣಪತ್ರದ ವಿಚಾರ ತಿಳಿದುಕೊಳ್ಳಬೇಕು, ಇಲ್ಲವೇ ಪ್ರಯಾಣಕ್ಕೆ ಬೇರೆ ಗಿಟಾರು ಇಟ್ಟುಕೊಳ್ಳಬೇಕು.

ಕೊನೆಯ ಎರಡರಲ್ಲಿ ಒಂದು

ಹೀಗೆ ಸೋಸುತ್ತ ಹೋದಾಗ ಸಾಮಾನ್ಯವಾಗಿ ಎರಡು ಗಿಟಾರುಗಳು ಉಳಿಯುತ್ತವೆ. ಹಾಡಿಗೆ ಜೊತೆಯಾಗಿ ಬೆರಳಲ್ಲಿ ನುಡಿಸುವವರು, ಹವೆಯ ಬಗ್ಗೆ ಎಚ್ಚರ ವಹಿಸಬಲ್ಲವರು ಗಟ್ಟಿ ಮರದ ಶಿಕಾಗೋ ಗಿಟಾರನ್ನು ಆರಿಸಲಿ. ಕಾರ್ಡ್ ಬಾರಿಸುವವರು, ಎಲ್ಲೆಂದರಲ್ಲಿ ಒಯ್ಯುವವರು ಜಪಾನಿ ಪ್ಲೈವುಡ್ಡನ್ನು ಆರಿಸಲಿ. ಆಗಲೂ ತೀರ್ಮಾನವಾಗದಿದ್ದರೆ ಎರಡಕ್ಕೂ ಒಂದೇ ಬಗೆಯ ಹೊಸ ತಂತಿ ಹಾಕಿಸಿ, ಕುಳಿತು, ಅರ್ಧ ಗಂಟೆ ಬಿಡದೆ ನುಡಿಸಿ. ಮೊದಲ ಐದು ನಿಮಿಷದ ನಾದವನ್ನು ನಂಬಬೇಡಿ, ಆಗ ಕಿವಿಗೆ ಜೋರಾದದ್ದೇ ಚೆನ್ನಾಗಿ ಕೇಳುತ್ತದೆ. ಅರ್ಧ ಗಂಟೆಯ ಕೊನೆಯಲ್ಲಿ ಮೊದಲ ಫ್ರೆಟ್‌ನ ಎಫ್ ಕಾರ್ಡ್ ಯಾವುದರಲ್ಲಿ ಇನ್ನೂ ಸ್ವಚ್ಛವಾಗಿ ಬರುತ್ತಿದೆ, ಯಾವುದರ ಮೈ ನಿಮ್ಮ ಬಲತೋಳಿನ ಅಡಿ ಒತ್ತದೆ ಕೂರುತ್ತದೆ ಎಂದು ನೋಡಿ. ದೊಡ್ಡ ಡ್ರೆಡ್‌ನಾಟ್ ಮೈ ಇಂದು ಸಹ್ಯವಾದರೂ ಭುಜಕ್ಕೆ ವಯಸ್ಸಾದಾಗ ಭಾರವಾಗುತ್ತದೆ. ಎರಡರಲ್ಲೂ ಎಫ್ ಕಾರ್ಡ್ ಕಷ್ಟವಾಗಿ, ನೆಕ್‌ನ ಅಳತೆ ಮಾತ್ರ ಸರಿಯಿದ್ದರೆ ತಪ್ಪು ನಟ್‌ನಲ್ಲಿದೆ. ಅದರ ತೋಡುಗಳು ಎತ್ತರವಾಗಿವೆ, ಅರದಿಂದ ಉಜ್ಜಿ ಇಳಿಸುವುದು ಚಿಕ್ಕ ಕೆಲಸ. ಆ ಕಾರಣಕ್ಕೆ ಒಳ್ಳೆಯ ಗಿಟಾರನ್ನು ಬಿಡಬೇಡಿ, ಬೆಲೆಯಲ್ಲಿ ಮಾತ್ರ ಅದನ್ನು ಹೇಳಿ ಇಳಿಸಿಕೊಳ್ಳಿ.